ಉಸಿರಿನ ಪಾಠ: ಶಿವಮೊಗ್ಗ–ಭದ್ರಾವತಿಯಲ್ಲಿ ಮಕ್ಕಳ ಉಬ್ಬಸದ ಆರೈಕೆ ನಡೆದು ಬಂದ ದಾರಿ

ನಮ್ಮಕ್ಕನಿಗೆ ಉಬ್ಬಸವಿತ್ತು. 1970ರ ದಶಕದ ಮಾತು. ಭದ್ರಾವತಿ ನ್ಯೂಟೌನಿನ ನಮ್ಮ ಮನೆಯಲ್ಲಿ ಮಳೆಗಾಲದ ಎಷ್ಟೋ ರಾತ್ರಿ ಅವಳು ಬೆನ್ನು ನೆಲಕ್ಕೆ ತಾಗಿಸಿದ್ದೇ ಇಲ್ಲ. ದಿಂಬಿನ ಮೇಲೆ ದಿಂಬು ಇಟ್ಟು, ಅದನ್ನು ತಬ್ಬಿಕೊಂಡು ಮುಂದಕ್ಕೆ ಬಾಗಿ ಕೂತಿರುತ್ತಿದ್ದಳು. ಉಸಿರು ಎಳೆದುಕೊಳ್ಳುವುದು ಹೇಗೋ ಆಗುತ್ತಿತ್ತು, ಬಿಡುವುದೇ ಕಷ್ಟ. ಬಿಡುವಾಗ ಎದೆಯೊಳಗಿಂದ ಸುಯ್ ಎಂದು ಸದ್ದು ಬರುತ್ತಿತ್ತು. ಅಮ್ಮ ಅವಳ ಬೆನ್ನು ನೀವುತ್ತಾ ಕೂರುತ್ತಿದ್ದಳು. ಅಪ್ಪ ರಾತ್ರಿ ಪಾಳಿ ಮುಗಿಸಿ ಬಂದವರು ಬಟ್ಟೆ ಕೂಡ ಬದಲಿಸದೆ ಅಕ್ಕನನ್ನು ಸೈಕಲ್ಲಿನ ಮೇಲೆ ಕೂರಿಸಿಕೊಂಡು ಇಂಜೆಕ್ಷನ್ ಹಾಕಿಸಲು ಹೋಗುತ್ತಿದ್ದರು. ಬೆಳಕು ಹರಿದ ಮೇಲೆ ಉಸಿರು ಸಡಿಲವಾಗುತ್ತಿತ್ತು. ಪಕ್ಕದ ಮನೆಯವರು ಬಂದು, "ಋತುಮತಿಯಾದ ಮೇಲೆ ತಾನಾಗೇ ಹೋಗುತ್ತೆ ಬಿಡ್ರೀ" ಎಂದು ಸಮಾಧಾನ ಹೇಳಿ ಹೋಗುತ್ತಿದ್ದರು.

ಈ ಸ್ಮರಣ ಸಂಚಿಕೆಗೆ ನಮ್ಮ ಎರಡು ಊರುಗಳಲ್ಲಿ ಮಕ್ಕಳ ಉಬ್ಬಸದ ಆರೈಕೆ ಬೆಳೆದ ಬಗೆಯನ್ನು ಬರೆದುಕೊಡಿ ಎಂದಾಗ ನನಗೆ ಮೊದಲು ನೆನಪಾದದ್ದು ಆ ದಿಂಬುಗಳು. ಅಕ್ಕ ಹಾಗೆ ಕೂತಿದ್ದ ಕಾಲಕ್ಕೆ ಉಬ್ಬಸವನ್ನು ಹತೋಟಿಗೆ ತರುವ ಔಷಧ ಜಗತ್ತಿನಲ್ಲಿ ಆಗಲೇ ಇತ್ತು. ಅದನ್ನು ಹೇಗೆ ತೆಗೆದುಕೊಳ್ಳಬೇಕು, ಯಾಕೆ ತೆಗೆದುಕೊಳ್ಳಬೇಕು, ಯಾವಾಗ ಹೆದರಬೇಕು, ಯಾವಾಗ ಹೆದರಬೇಕಿಲ್ಲ ಎಂದು ನಮ್ಮಮ್ಮನಿಗೆ ಕೂರಿಸಿ ಹೇಳುವವರು ಇರಲಿಲ್ಲ. ಹಾಗಾಗಿ ಈ ಚರಿತ್ರೆಯಲ್ಲಿ ಔಷಧಕ್ಕಿಂತ ಹೆಚ್ಚಾಗಿ ಕಲಿಸಿದವರ ಮಾತು ಬರುತ್ತದೆ.

ಬೆಂಕಿಪುರದ ಗಾಳಿ

ಭದ್ರಾವತಿಗೆ ಹಿಂದೆ ಬೆಂಕಿಪುರ ಎಂಬ ಹೆಸರಿತ್ತು. ಸರ್ ಎಂ. ವಿಶ್ವೇಶ್ವರಯ್ಯನವರ ಕನಸಿನ ಕಬ್ಬಿಣದ ಕಾರ್ಖಾನೆ ಇಲ್ಲಿ 1923ರಲ್ಲಿ ಉತ್ಪಾದನೆ ಶುರು ಮಾಡಿತು. ಕಲ್ಲಿದ್ದಲು ಸಿಗದ ಸೀಮೆಯಲ್ಲಿ ಮಲೆನಾಡಿನ ಕಾಡಿನ ಸೌದೆಯನ್ನು ಇದ್ದಿಲು ಮಾಡಿ ಅದರಿಂದಲೇ ಕಬ್ಬಿಣ ಕರಗಿಸಿದರು. 1936ರಲ್ಲಿ ಮೈಸೂರು ಕಾಗದ ಕಾರ್ಖಾನೆ ಸ್ಥಾಪನೆಯಾಗಿ ಕಾಗದನಗರ ಬೆಳೆಯಿತು. ಸಿಮೆಂಟಿನ ಘಟಕವೂ ಬಂತು. ನಾಡಿನ ಮೂಲೆಮೂಲೆಯಿಂದ ಬಂದ ಸಂಸಾರಗಳಿಗೆ ಈ ಊರು ಅನ್ನ ಕೊಟ್ಟಿತು. ನಮ್ಮ ಮನೆಗೂ ಕೊಟ್ಟಿತು. ಚಿಮಣಿಯ ಹೊಗೆ ಕಂಡರೆ ಅಪ್ಪನ ಮುಖದಲ್ಲಿ ನೆಮ್ಮದಿ ಕಾಣುತ್ತಿತ್ತು, ಏಕೆಂದರೆ ಹೊಗೆ ಇದ್ದರೆ ಸಂಬಳ ಇದೆ ಎಂದು ಅರ್ಥ.

ಅಕ್ಕನ ಉಬ್ಬಸಕ್ಕೆ ಆ ಹೊಗೆಯೇ ಕಾರಣ ಎಂದು ಹೇಳಿದರೆ ತಪ್ಪಾಗುತ್ತದೆ. ತೀರ್ಥಹಳ್ಳಿ ಕಡೆಯ ತೋಟದ ಮನೆಯಲ್ಲಿ ಬೆಳೆದ ನಮ್ಮ ದೊಡ್ಡಮ್ಮನ ಮಗನಿಗೂ ಇದೇ ಕಾಯಿಲೆಯಿತ್ತು. ಉಬ್ಬಸ ಹಲವು ಮನೆತನಗಳಲ್ಲಿ ಹರಿದು ಬರುವ ಗುಣ. ಶ್ವಾಸನಾಳದ ಒಳಪದರ ಸದಾ ಕೊಂಚ ಊದಿಕೊಂಡೇ ಇರುತ್ತದೆ. ಕೆಣಕುವ ವಸ್ತು ತಾಗಿದೊಡನೆ ನಾಳದ ಸುತ್ತಲಿನ ಸ್ನಾಯು ಬಿಗಿಯುತ್ತದೆ, ಲೋಳೆ ತುಂಬುತ್ತದೆ, ದಾರಿ ಕಿರಿದಾಗುತ್ತದೆ. ಕೆಣಕುವ ವಸ್ತುಗಳಿಗೆ ನಮ್ಮಲ್ಲಿ ಬರವೇ ಇಲ್ಲ. ಮಳೆಗಾಲದ ಥಂಡಿಗೆ ಗೋಡೆಗೆ ಹಿಡಿಯುವ ಬೂಷ್ಟು, ಒಣಗದ ಹಾಸಿಗೆ ಮತ್ತು ಕಂಬಳಿಯಲ್ಲಿ ಬೆಳೆಯುವ ಕಣ್ಣಿಗೆ ಕಾಣದ ಧೂಳಿನ ನುಸಿ, ಅಡಿಕೆ ಬೇಯಿಸುವ ಒಲೆಯ ಹೊಗೆ, ಸುಗ್ಗಿಯ ಹೊತ್ತಿನ ಭತ್ತದ ಹೊಟ್ಟು, ಬಚ್ಚಲ ಹಂಡೆಯ ಉರಿ, ಸೊಳ್ಳೆಬತ್ತಿ, ದೀಪಾವಳಿಯ ಪಟಾಕಿ. ಎಲ್ಲಕ್ಕಿಂತ ಹೆಚ್ಚಾಗಿ ಮಕ್ಕಳ ನೆಗಡಿ. ಜೂನ್ ತಿಂಗಳಲ್ಲಿ ಮಳೆಯೂ ಶಾಲೆಯೂ ಒಟ್ಟಿಗೇ ಶುರುವಾಗುತ್ತವೆ. ಒಂದು ಬೆಂಚಿನಲ್ಲಿ ಒಬ್ಬರಿಗೆ ನೆಗಡಿಯಾದರೆ ವಾರದಲ್ಲಿ ಸಾಲಿಗೆಲ್ಲ ಹರಡುತ್ತದೆ. ಉಳಿದವರಿಗೆ ಮೂಗು ಸೋರಿ ಹೋಗುವ ನೆಗಡಿ ಉಬ್ಬಸದ ಮಗುವಿಗೆ ಎದೆಗಿಳಿಯುತ್ತದೆ.

ಕಷಾಯ, ಇಂಜೆಕ್ಷನ್, ಮೀನು

ಆಗ ಮನೆಯೇ ಮೊದಲ ಆಸ್ಪತ್ರೆ. ಆಡುಸೋಗೆ ಎಲೆಯ ರಸ, ದೊಡ್ಡಪತ್ರೆ, ಶುಂಠಿ–ಮೆಣಸಿನ ಕಷಾಯ. ಹಿರಿಯರ ಆರೈಕೆಯಲ್ಲಿ ತಿಳಿವಳಿಕೆ ಇರಲಿಲ್ಲವೆಂದು ನಾನು ಹೇಳುವುದಿಲ್ಲ. ಆಡುಸೋಗೆಯಲ್ಲಿರುವ ಸತ್ವದ ಜಾಡು ಹಿಡಿದೇ ಕಫ ಸಡಿಲಿಸುವ ಬ್ರೋಮ್‌ಹೆಕ್ಸಿನ್ ಎಂಬ ಔಷಧ ತಯಾರಾಯಿತು. ಆದರೆ ಬಿಗಿದುಕೊಂಡ ಶ್ವಾಸನಾಳವನ್ನು ಆ ಗಳಿಗೆಯಲ್ಲಿ ತೆರೆಯುವ ಶಕ್ತಿ ಕಷಾಯಕ್ಕಿಲ್ಲ. ಮಕ್ಕಳಿಗೆ ಬರೆ ಹಾಕಿಸಿದ ಮನೆಗಳೂ ಇದ್ದವು. ಆ ಗಾಯದ ಗುರುತನ್ನು ಹೊಟ್ಟೆಯ ಮೇಲೆ ಹೊತ್ತು ದೊಡ್ಡವರಾದವರನ್ನು ನಾನು ನೋಡಿದ್ದೇನೆ.

ಕಷಾಯಕ್ಕೆ ಬಗ್ಗದಿದ್ದರೆ ಡೆರಿಫಿಲಿನ್ ಇಂಜೆಕ್ಷನ್. ನಮ್ಮ ಕಡೆ ಆ ಹೆಸರು ಕೇಳದ ಉಬ್ಬಸದ ಮನೆಯಿಲ್ಲ. ಇನ್ನು ಮೃಗಶಿರಾ ಮಳೆ ಹುಟ್ಟುವ ದಿನ ಹೈದರಾಬಾದಿನಲ್ಲಿ ಬತ್ತಿನಿ ಮನೆತನದವರು ಕೊಡುವ ಮೀನಿನ ಮದ್ದು. ಜೀವಂತ ಮೀನಿನ ಬಾಯಲ್ಲಿ ಮದ್ದಿಟ್ಟು ನುಂಗಿಸುವ ಆ ದಿನಕ್ಕೆ ಕರ್ನಾಟಕದಿಂದಲೂ ಜನ ಹೊರಡುತ್ತಿದ್ದರು. ಆ ಮದ್ದಿನಿಂದ ಉಬ್ಬಸ ವಾಸಿಯಾಗುತ್ತದೆ ಎಂಬುದಕ್ಕೆ ವೈದ್ಯಕೀಯ ಆಧಾರ ಸಿಕ್ಕಿಲ್ಲ. ಆದರೂ ಅಷ್ಟು ದೂರ ಮಗುವನ್ನು ಹೊತ್ತು ಹೋದ ತಾಯಂದಿರನ್ನು ಮೂಢರೆಂದು ಕರೆಯಲು ನನಗೆ ಮನಸ್ಸು ಬರುವುದಿಲ್ಲ. ಹತ್ತಿರದಲ್ಲಿ ಯಾರೂ ಕೂರಿಸಿ ಹೇಳದಿದ್ದಾಗ ಜನ ದೂರಕ್ಕೆ ಹೋಗುತ್ತಾರೆ.

ಪಂಪು ಬಂತು, ಪಾಠ ತಡವಾಗಿ ಬಂತು

ಅಮೆರಿಕದ ರೈಕರ್ ಲ್ಯಾಬೊರೇಟರೀಸ್ ಕಂಪನಿಯ ಮುಖ್ಯಸ್ಥ ಜಾರ್ಜ್ ಮೇಸನ್ ಅವರ 13 ವರ್ಷದ ಮಗಳಿಗೆ ಉಬ್ಬಸ. ಕೂದಲಿಗೆ ಹೊಡೆದುಕೊಳ್ಳುವ ಸ್ಪ್ರೇಯಂತೆ ನನ್ನ ಔಷಧವೂ ಯಾಕೆ ಡಬ್ಬಿಯಲ್ಲಿ ಬರಬಾರದು ಎಂದು ಆ ಹುಡುಗಿ 1955ರಲ್ಲಿ ಅಪ್ಪನನ್ನು ಕೇಳಿದಳಂತೆ. ಮರುವರ್ಷವೇ, 1956ರಲ್ಲಿ, ಅಳತೆ ಮಾಡಿ ಔಷಧ ಚಿಮ್ಮಿಸುವ ಮೊದಲ ಇನ್ಹೇಲರ್ ಮಾರುಕಟ್ಟೆಗೆ ಬಂತು. ಮಗುವೊಂದು ಕೇಳಿದ ಪ್ರಶ್ನೆ ಲೋಕದ ಕೋಟ್ಯಂತರ ಮಕ್ಕಳ ಉಸಿರಿಗೆ ದಾರಿಯಾಯಿತು. 1969ರಲ್ಲಿ ಬಿಗಿದ ನಾಳವನ್ನು ನಿಮಿಷಗಳಲ್ಲಿ ಸಡಿಲಿಸುವ ಸಾಲ್ಬುಟಮಾಲ್ ಬಂತು. 1972ರಲ್ಲಿ ಒಳಗಿನ ಊತವನ್ನೇ ಇಳಿಸುವ ಬೆಕ್ಲೋಮೆಥಾಸೋನ್ ಎಂಬ ಸ್ಟೀರಾಯ್ಡ್ ಇನ್ಹೇಲರ್ ಬಂತು. ಮೊದಲನೆಯದು ಬೆಂಕಿ ಬಿದ್ದಾಗ ಸುರಿಯುವ ನೀರು, ಎರಡನೆಯದು ಬೆಂಕಿಯೇ ಹತ್ತದಂತೆ ದಿನವೂ ಮಾಡುವ ಎಚ್ಚರಿಕೆ. ಈ ವ್ಯತ್ಯಾಸ ತಿಳಿದರೆ ಅರ್ಧ ಪಾಠ ಕಲಿತಂತೆ.

ನಮ್ಮ ಊರುಗಳಲ್ಲಿ ಇನ್ಹೇಲರಿಗೆ "ಪಂಪು" ಎಂದು ಹೆಸರಾಯಿತು. ಹೆಸರಿನ ಜೊತೆಗೇ ಹೆದರಿಕೆಯೂ ಬಂತು. ಪಂಪು ಹಾಕಿಸಿದರೆ ಚಟವಾಗುತ್ತದೆ, ಅದು ಕೊನೆಯ ಔಷಧ, ಹೃದಯ ಕೆಡುತ್ತದೆ. ಕೊಂಡವರೂ ಸರಿಯಾಗಿ ಬಳಸುತ್ತಿರಲಿಲ್ಲ. ಬಾಯಿಗಿಟ್ಟು ಒತ್ತಿದರೆ ಔಷಧ ನಾಲಗೆಯ ಮೇಲೆ, ಗಂಟಲ ಗೋಡೆಯ ಮೇಲೆ ಕೂರುತ್ತಿತ್ತು. ಒತ್ತುವುದಕ್ಕೂ ಎಳೆಯುವುದಕ್ಕೂ ತಾಳ ಕೂಡಬೇಕು, ಅದು ಐದು ವರ್ಷದ ಮಗುವಿಗೆ ಆಗದ ಕೆಲಸ. ಎರಡು ಸಲ ಒತ್ತಿ, ಏನೂ ಆಗಲಿಲ್ಲ ಎಂದು ಕಪಾಟಿನ ಮೇಲಿಟ್ಟು ಮತ್ತೆ ಇಂಜೆಕ್ಷನ್ನಿಗೆ ಓಡುತ್ತಿದ್ದರು.

ಇದೇ ಕಾಲಕ್ಕೆ ಕಾಯಿಲೆ ಹೆಚ್ಚುತ್ತಿತ್ತು. ಬೆಂಗಳೂರಿನ ಮಕ್ಕಳ ಶ್ವಾಸಕೋಶ ತಜ್ಞ ಡಾ. ಎಚ್. ಪರಮೇಶ್ ಅವರು 20,000 ಮಕ್ಕಳನ್ನು ಗಮನಿಸಿ ಬರೆದಿಟ್ಟ ಲೆಕ್ಕ ನಾಡಿನ ಕಣ್ಣು ತೆರೆಸಿತು. ಅವರು ಕಂಡ ಮಕ್ಕಳಲ್ಲಿ ಉಬ್ಬಸವಿದ್ದವರು 1979ರಲ್ಲಿ ಶೇ. 9ರಷ್ಟಿದ್ದರೆ, 1999ರ ಹೊತ್ತಿಗೆ ಶೇ. 29.5ರಷ್ಟಾಗಿದ್ದರು. ಅದು ಮಹಾನಗರದ ಲೆಕ್ಕ, ನಮ್ಮ ಊರಿಗೆ ಹಾಗೇ ಅನ್ವಯಿಸುವುದಲ್ಲ. ಆದರೆ ವಾಹನ, ಧೂಳು, ಕಿಕ್ಕಿರಿದ ಮನೆ ಎಲ್ಲಿ ಹೆಚ್ಚುತ್ತವೋ ಅಲ್ಲಿ ಮಕ್ಕಳ ಎದೆ ಸೋಲುತ್ತದೆ ಎಂಬ ಅವರ ಎಚ್ಚರಿಕೆ ಬೆಳೆಯುತ್ತಿದ್ದ ಶಿವಮೊಗ್ಗಕ್ಕೂ ಸಲ್ಲುತ್ತಿತ್ತು.

ಒಂದು ಬಾಟಲಿ, ಒಂದು ಪಾಠ

ನಾನು ಟೀಚರ್ ಆಗಿ ಶಿವಮೊಗ್ಗದ ಒಂದು ಸರ್ಕಾರಿ ಶಾಲೆಯಲ್ಲಿದ್ದಾಗ ನಡೆದದ್ದನ್ನು ಇಲ್ಲಿ ಹೇಳಲೇಬೇಕು. 2000ದ ದಶಕದ ಮೊದಲ ವರ್ಷಗಳು. ಪ್ರಾರ್ಥನೆಗೆ ಮುಂಚೆ ಮಕ್ಕಳೇ ಸರದಿಯ ಮೇಲೆ ಕೋಣೆ ಗುಡಿಸುತ್ತಿದ್ದರು. ನಾಲ್ಕನೆಯ ಕ್ಲಾಸಿನ ಒಬ್ಬ ಹುಡುಗಿ ತನ್ನ ಸರದಿಯ ದಿನ ತಪ್ಪದೆ ರಜೆ ಹಾಕುತ್ತಿದ್ದಳು. ಸೋಮಾರಿ ಎಂದುಕೊಂಡು ನಾನು ಗದರಿ, ಬಂದ ದಿನ ಅವಳೊಬ್ಬಳ ಕೈಯಲ್ಲೇ ಗುಡಿಸಿಸಿದೆ. ಬೆಂಚಿನಡಿಯ ಧೂಳು, ಬೋರ್ಡಿನ ಸೀಮೆಸುಣ್ಣದ ಪುಡಿ. ಅವಳು ಕೆಮ್ಮುತ್ತಾ ಗುಡಿಸಿ ಮುಗಿಸಿದಳು. ಮಧ್ಯಾಹ್ನದ ಊಟ ಮಾಡಲಿಲ್ಲ. ರಾತ್ರಿ ಆಸ್ಪತ್ರೆಗೆ ಸೇರಿಸಿದರು. ನಮ್ಮಕ್ಕನ ಜೊತೆ ಅಷ್ಟು ರಾತ್ರಿ ಎಚ್ಚರವಿದ್ದ ನನಗೇ ಆ ಕೆಮ್ಮು ಏನೆಂದು ತಿಳಿಯಲಿಲ್ಲ. ಆ ತಪ್ಪು ನನ್ನದು. ಇವತ್ತಿಗೂ ಅದು ನನ್ನೊಳಗೆ ಚುಚ್ಚುತ್ತದೆ.

ಮರುದಿನ ನೋಡಲು ಹೋದೆ. ತಾಯಿ ಅಡಿಕೆ ಸುಲಿಯಲು ಹೋಗುವ ಹೆಂಗಸು. "ಪಂಪು ಹಾಕ್ಸಿ ಅಂತಾರೆ ಟೀಚರ್. ಹೆಣ್ಣುಮಗು. ಒಂದ್ಸಲ ಶುರು ಮಾಡಿದ್ರೆ ಬಿಡಕ್ಕಾಗಲ್ವಂತೆ. ನಾಳೆ ಇವಳನ್ನ ಯಾರು ಮಾಡ್ಕೋತಾರೆ?" ಎಂದು ಕಣ್ಣೊರೆಸಿಕೊಂಡಳು. ಪಕ್ಕದಲ್ಲಿದ್ದ ನರ್ಸಮ್ಮ ಬೈಯಲಿಲ್ಲ. "ಅಮ್ಮಾ, ಕನ್ನಡಕ ಹಾಕ್ಕೊಂಡ್ರೆ ಕಣ್ಣಿಗೆ ಚಟ ಆಗುತ್ತಾ? ಬೇಕಾದಷ್ಟು ದಿನ ಹಾಕ್ಕೋತೀವಿ. ಇದೂ ಹಾಗೇನೇ" ಎಂದರು. ಆಮೇಲೆ ಅರ್ಧ ಲೀಟರಿನ ಖಾಲಿ ನೀರಿನ ಬಾಟಲಿ ತರಿಸಿದರು.

ಅದರ ತಳದಲ್ಲಿ ಕಾಯಿಸಿದ ತಂತಿಯಿಂದ ಇನ್ಹೇಲರಿನ ಬಾಯಿಯ ಅಳತೆಗೆ ಸರಿಯಾಗಿ ತೂತು ಕೊರೆದರು. ಇನ್ಹೇಲರನ್ನು ಅಲ್ಲಿ ತುರುಕಿ, ಗಾಳಿ ಸೋರದಂತೆ ಸುತ್ತಲೂ ಅಂಟುಪಟ್ಟಿ ಹಾಕಿದರು. ಬಾಟಲಿಯ ಕತ್ತು ಮಗುವಿನ ತುಟಿಗಳ ನಡುವೆ. ಡಬ್ಬಿಯನ್ನು ಚೆನ್ನಾಗಿ ಅಲ್ಲಾಡಿಸಿ ಒಂದು ಸಲ ಒತ್ತಿದರು. ಔಷಧದ ಮಂಜು ಬಾಟಲಿಯೊಳಗೆ ನಿಂತಿತು. "ಈಗ ನಿಧಾನ ಉಸಿರಾಡು ಪುಟ್ಟಿ. ಒಂದು... ಎರಡು... ಮೂರು..." ಆರರವರೆಗೆ ಎಣಿಸಿದರು. ತಾಳ ಕೂಡಿಸುವ ಕಷ್ಟವೇ ಇಲ್ಲ. ಬಾಟಲಿಯನ್ನು ಸೋಪಿನ ನೀರಲ್ಲಿ ಅದ್ದಿ, ಒರೆಸದೆ ಹಾಗೇ ಒಣಗಲು ಬಿಡಬೇಕು, ಒರೆಸಿದರೆ ಔಷಧ ಗೋಡೆಗೇ ಅಂಟಿಕೊಳ್ಳುತ್ತದೆ ಎಂದರು. ದಿನನಿತ್ಯದ ಸ್ಟೀರಾಯ್ಡ್ ಪಂಪಾದರೆ ಬಳಸಿದ ಮೇಲೆ ಬಾಯಿ ಮುಕ್ಕಳಿಸಬೇಕು ಎಂದರು. ಅಷ್ಟನ್ನೂ ತಾಯಿಯ ಕೈಯಲ್ಲಿ ಒಮ್ಮೆ, ನನ್ನ ಕೈಯಲ್ಲಿ ಒಮ್ಮೆ ಮಾಡಿಸಿದರು.

ಈ ಬಾಟಲಿಯ ಉಪಾಯ ಯಾರೋ ಕೈಗೆ ಸಿಕ್ಕಂತೆ ಹುಟ್ಟಿಸಿದ್ದಲ್ಲ. ದಕ್ಷಿಣ ಆಫ್ರಿಕದ ಕೇಪ್‌ಟೌನಿನಲ್ಲಿ ಮಕ್ಕಳ ವೈದ್ಯೆ ಹೆದರ್ ಜಾರ್ ಮತ್ತು ಸಂಗಡಿಗರು ಇದನ್ನು ಪರೀಕ್ಷಿಸಿ, ಇನ್ಹೇಲರಿಗೆ ಜೋಡಿಸಲು ಅಂಗಡಿಯಲ್ಲಿ ಸಿಗುವ ಸ್ಪೇಸರ್ ಎಂಬ ದುಬಾರಿ ಕೊಳವೆಯಷ್ಟೇ ಚೆನ್ನಾಗಿ 500 ಮಿಲಿ ಬಾಟಲಿಯೂ ಕೆಲಸ ಮಾಡುತ್ತದೆ ಎಂದು 1999ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ತೋರಿಸಿದ್ದರು. ಆ ಹುಡುಗಿ ವಾರದೊಳಗೆ ಶಾಲೆಗೆ ಬಂದಳು. ಅಂದಿನಿಂದ ನಮ್ಮ ಕೋಣೆಯಲ್ಲಿ ನೀರು ಚಿಮುಕಿಸಿಯೇ ಗುಡಿಸುವುದು, ಬೋರ್ಡನ್ನು ಒದ್ದೆ ಬಟ್ಟೆಯಲ್ಲಿ ಒರೆಸುವುದು ಎಂದಾಯಿತು. ಉಬ್ಬಸದ ಮಕ್ಕಳಿಗೆ ಗುಡಿಸುವ ಸರದಿ ತಪ್ಪಿಸಿ ಗಿಡಕ್ಕೆ ನೀರು ಹಾಕುವ ಸರದಿ ಕೊಟ್ಟೆವು. ಆಟದಿಂದ ಮಾತ್ರ ಯಾರನ್ನೂ ಹೊರಗಿಡಲಿಲ್ಲ. ವೈದ್ಯರು ಹೇಳಿದಂತೆ ಆಟಕ್ಕೆ ಮುಂಚೆ ಪಂಪು ತೆಗೆದುಕೊಂಡು, ಮೈ ಬೆಚ್ಚಗೆ ಮಾಡಿಕೊಂಡು ಅವರೂ ಕೊಕ್ಕೋ ಓಡಿದರು.

ಕಲಿಸುವ ಕೈಗಳು

ಆ ನರ್ಸಮ್ಮನಂಥವರು ಒಬ್ಬಿಬ್ಬರಲ್ಲ. ಅವರ ಹಿಂದೆ ಸಂಸ್ಥೆಗಳಿದ್ದವು, ಯೋಜನೆಗಳಿದ್ದವು. ಅವನ್ನು ಹೆಸರಿಸಿ ನೆನೆಯುವುದು ಈ ಸಂಚಿಕೆಯ ಧರ್ಮ.

ಮೊದಲನೆಯದು ಭದ್ರಾವತಿ ಆಕಾಶವಾಣಿ. 1965ರಲ್ಲಿ ಶುರುವಾದ ಈ ನಿಲಯ ಮಲೆನಾಡಿನ ಒಲೆಯ ಮುಂದಿದ್ದ ಹೆಂಗಸರಿಗೆ ವೈದ್ಯರ ದನಿಯನ್ನು ಮುಟ್ಟಿಸಿತು. ಆಸ್ಪತ್ರೆಯ ಸಾಲಿನಲ್ಲಿ ನಿಂತಾಗ ಕೇಳಲು ಸಂಕೋಚಪಡುವ ಪ್ರಶ್ನೆಯನ್ನು ರೇಡಿಯೋದಲ್ಲಿ ಬೇರೆ ಯಾರೋ ಕೇಳಿದರೆ ಉತ್ತರ ಎಲ್ಲ ಮನೆಗೂ ಸಿಗುತ್ತದೆ. ಉಬ್ಬಸ ಎಂಬುದು ಪಾಪದ ಫಲವಲ್ಲ, ಅಂಟುರೋಗವಲ್ಲ ಎಂಬ ಮಾತು ಅಧಿಕೃತ ದನಿಯಲ್ಲಿ ಮನೆಯೊಳಗೇ ಬರುವುದು ಸಣ್ಣ ಸಂಗತಿಯಲ್ಲ.

ಎರಡನೆಯದು ಮೆಗ್ಗಾನ್ ಆಸ್ಪತ್ರೆ. ತಲೆಮಾರುಗಳಿಂದ ಜಿಲ್ಲೆಯ ಬಡವರ ಆಸರೆಯಾದ ಈ ಆಸ್ಪತ್ರೆ ಶಿವಮೊಗ್ಗ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯ ಬೋಧನಾ ಆಸ್ಪತ್ರೆಯಾಯಿತು. 2007ರಲ್ಲಿ ಕಾಲೇಜಿನ ಮೊದಲ ತಂಡ ಬಂದ ಮೇಲೆ ಇಲ್ಲಿ ಚಿಕಿತ್ಸೆಯ ಜೊತೆಗೆ ಕಲಿಕೆಯೂ ನಡೆಯತೊಡಗಿತು. ಕಲಿಯುವ ವೈದ್ಯರಿರುವ ಕಡೆ ರೋಗಿಯ ಹಾಸಿಗೆಯ ಪಕ್ಕ ಪ್ರಶ್ನೆಗಳು ಹೆಚ್ಚು, ವಿವರಣೆ ಹೆಚ್ಚು. ಅದನ್ನು ಕಿವಿಗೊಟ್ಟು ಕೇಳುವ ತಾಯಿಯೂ ಕಲಿಯುತ್ತಾಳೆ. 1963ರಲ್ಲಿ ಸ್ಥಾಪನೆಯಾದ ಭಾರತೀಯ ಮಕ್ಕಳ ವೈದ್ಯರ ಅಕಾಡೆಮಿ ದೇಶದ ಮಕ್ಕಳ ವೈದ್ಯರಿಗಾಗಿಯೇ ಅಸ್ತಮಾ ತರಬೇತಿ ಪಾಠವೊಂದನ್ನು ರೂಪಿಸಿತು. ಸಿರಪ್ಪು, ಇಂಜೆಕ್ಷನ್ನುಗಳಿಂದ ಇನ್ಹೇಲರಿನ ಕಡೆಗೆ ವೈದ್ಯರ ಚೀಟಿಯೇ ತಿರುಗಲು ಇಂಥ ಪಾಠಗಳು ಬೇಕಾಗಿದ್ದವು.

ಮೂರನೆಯದು ಅಂಗನವಾಡಿ, ಆಶಾ ಮತ್ತು ಶಾಲೆಯ ಬಲೆ. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ ಹುಟ್ಟಿನಿಂದ 18 ವರ್ಷದವರೆಗಿನ ಮಕ್ಕಳಲ್ಲಿ ಹುಡುಕಬೇಕಾದ ಆರೋಗ್ಯ ತೊಂದರೆಗಳ ಪಟ್ಟಿಯಲ್ಲಿ ಹೃದಯ, ಹಲ್ಲು, ಕಿವಿಯ ಜೊತೆ ಶ್ವಾಸನಾಳ ಬಿಗಿಯುವ ಕಾಯಿಲೆಯನ್ನೂ ಸೇರಿಸಿತು. ಅಂಗನವಾಡಿಗೆ ವರ್ಷಕ್ಕೆ ಎರಡು ಸಲ, ಸರ್ಕಾರಿ ಶಾಲೆಗೆ ಒಂದು ಸಲ ತಂಡ ಬರಬೇಕು. ಪದೇ ಪದೇ ನೆಗಡಿ, ಕಫ ಎಂದು ವರ್ಷಗಟ್ಟಲೆ ಕಳೆದುಹೋಗುತ್ತಿದ್ದ ಮಗುವಿನ ಮೇಲೆ ಹೀಗೆ ಒಂದು ಕಣ್ಣು ಬೀಳುವಂತಾಯಿತು. 2008ರ ನವೆಂಬರ್ 1ರಂದು ರಾಜ್ಯದಲ್ಲಿ ಬಂದ 108 ಆಂಬುಲೆನ್ಸ್ ಅಪ್ಪನಂಥವರ ಸೈಕಲ್ ಪ್ರಯಾಣವನ್ನು ತಪ್ಪಿಸಿತು.

ನಾಲ್ಕನೆಯದನ್ನು ಯಾರೂ ಉಬ್ಬಸದ ಲೆಕ್ಕಕ್ಕೆ ಸೇರಿಸುವುದಿಲ್ಲ, ನಾನು ಸೇರಿಸುತ್ತೇನೆ: ಒಲೆ ಬದಲಿಸಿದವರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎ.ಕೆ.ಎನ್. ರೆಡ್ಡಿ ಅವರ ಮುಂದಾಳತ್ವದಲ್ಲಿ 1974ರಲ್ಲಿ ಹುಟ್ಟಿದ ಅಸ್ತ್ರ ಕೇಂದ್ರ ಕೊಟ್ಟ ಅಸ್ತ್ರ ಒಲೆ ಹೊಗೆಯನ್ನು ಕೊಳವೆಯಲ್ಲಿ ಸೂರಿನಾಚೆ ಕಳಿಸಿತು. ಕೊಟ್ಟಿಗೆ ಇದ್ದ ಮನೆಗಳಿಗೆ ಗೋಬರ್ ಗ್ಯಾಸ್ ಬಂತು, 2016ರಿಂದ ಉಜ್ವಲ ಯೋಜನೆಯ ಸಿಲಿಂಡರ್ ಬಂತು. ಅಡುಗೆಮನೆಯ ಕಪ್ಪು ಗೋಡೆ ಬೆಳ್ಳಗಾದಷ್ಟೂ ತಾಯಿಯ ಸೊಂಟದ ಮೇಲಿದ್ದ ಮಗುವಿನ ಎದೆ ಹಗುರಾಯಿತು. ಇನ್ನೂ ಬಿಡಬೇಕಾದ ಒಂದು ಹೊಗೆ ಇದೆ. ಎಣ್ಣೆನೀರು ಹಾಕಿದ ಮೇಲೆ ಕೂಸಿಗೆ ಹಿಡಿಯುವ ಸಾಂಬ್ರಾಣಿ. ಪ್ರೀತಿಯಿಂದಲೇ ಹಿಡಿಯುತ್ತಾರೆ, ಆದರೆ ಉಬ್ಬಸದ ಮನೆತನದ ಕೂಸಿಗೆ ಅದು ಬೇಡ. ಕೂದಲನ್ನು ಮೆತ್ತನೆಯ ಬಟ್ಟೆಯಲ್ಲಿ ಒರೆಸಿದರೆ ಸಾಕು.

ಕಲಿತ ಊರು ಏನು ಮಾಡಬಲ್ಲದು

ಊರಿಗೆ ಊರೇ ಕಲಿತರೆ ಏನಾಗುತ್ತದೆ ಎಂಬುದಕ್ಕೆ ಫಿನ್‌ಲ್ಯಾಂಡ್ ಸಾಕ್ಷಿ. 1994ರಿಂದ 2004ರವರೆಗೆ ಆ ದೇಶ ವೈದ್ಯರು, ನರ್ಸುಗಳು, ಔಷಧದ ಅಂಗಡಿಯವರಿಗೆಲ್ಲ ಒಂದೇ ಪಾಠ ಕಲಿಸಿತು. ಉಬ್ಬಸಕ್ಕಾಗಿ ಜನ ಆಸ್ಪತ್ರೆಯಲ್ಲಿ ಕಳೆಯುವ ದಿನಗಳು ಅರ್ಧಕ್ಕೂ ಹೆಚ್ಚು ಇಳಿದವು. ಆಸ್ಟ್ರೇಲಿಯಾದಲ್ಲಿ ಹೈಸ್ಕೂಲಿನ ಹಿರಿಯ ಮಕ್ಕಳೇ ಕಿರಿಯರಿಗೆ ಉಬ್ಬಸದ ಪಾಠ ಹೇಳುವ ಪದ್ಧತಿ ತಂದಾಗ ಮಕ್ಕಳ ಬದುಕು ಹಸನಾದದ್ದನ್ನು 2001ರಲ್ಲಿ ದಾಖಲಿಸಿದರು.

ನಮ್ಮ ದೇಶದ ಲೆಕ್ಕ ಕಣ್ಣು ಒದ್ದೆ ಮಾಡುತ್ತದೆ. ಮೈಸೂರೂ ಸೇರಿದಂತೆ ದೇಶದ ಒಂಬತ್ತು ಕೇಂದ್ರಗಳಲ್ಲಿ ನಡೆದು 2022ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಎದೆ ಸುಯ್ಗುಟ್ಟುವ ಹತ್ತು ಮಂದಿಯಲ್ಲಿ ಎಂಟು ಮಂದಿಗೆ ಅದು ಉಬ್ಬಸವೆಂದು ಯಾರೂ ಹೇಳಿಯೇ ಇರಲಿಲ್ಲ. ದಿನವೂ ಸ್ಟೀರಾಯ್ಡ್ ಪಂಪು ತೆಗೆದುಕೊಳ್ಳುತ್ತಿದ್ದವರು ನೂರಕ್ಕೆ ಐದು ಮಂದಿಯೂ ಇರಲಿಲ್ಲ. ಅಂದರೆ ನಮ್ಮಕ್ಕ ಕೂತಿದ್ದಂತೆ ದಿಂಬು ತಬ್ಬಿ ಕೂತ ಮಕ್ಕಳು ಇವತ್ತೂ ಇದ್ದಾರೆ.

ಆದ್ದರಿಂದ ಕೆಲಸ ಮುಗಿದಿಲ್ಲ. ಪ್ರತಿ ಶಾಲೆಯ ಕಪಾಟಿನಲ್ಲಿ ಒಂದು ಸ್ಪೇಸರ್ ಇರಲಿ. ಪ್ರತಿ ಉಬ್ಬಸದ ಮಗುವಿನ ಚೀಲದಲ್ಲಿ ವೈದ್ಯರು ಕನ್ನಡದಲ್ಲಿ ಬರೆದುಕೊಟ್ಟ ಮೂರು ಬಣ್ಣದ ಚೀಟಿ ಇರಲಿ. ಹಸಿರಾದರೆ ದಿನದ ಔಷಧ ಬಿಡದೆ ಆಟವಾಡು, ಹಳದಿಯಾದರೆ ಹೇಳಿದಷ್ಟು ಪಂಪು ಹಾಕಿ ಮನೆಗೆ ತಿಳಿಸು, ಕೆಂಪಾದರೆ ಪಂಪು ಹಾಕುತ್ತಲೇ 108ಕ್ಕೆ ಕರೆ ಮಾಡು. ಒಂದು ವಾಕ್ಯ ಪೂರ್ತಿ ಹೇಳಲಾಗದ ಮಗು, ಪಕ್ಕೆ ಒಳಕ್ಕೆ ಸೆಳೆಯುವ ಮಗು, ತುಟಿ ನೀಲಿಯಾದ ಮಗು ಕೆಂಪು ಚೀಟಿಯ ಮಗು. ಇದನ್ನು ಶಾಲೆಯ ಅಡುಗೆಯವರಿಂದ ಹಿಡಿದು ಹೆಡ್‌ಮೇಷ್ಟ್ರವರೆಗೆ ಎಲ್ಲರೂ ಕಲಿಯಬೇಕು. ಮೇ ತಿಂಗಳ ಮೊದಲ ಮಂಗಳವಾರ ವಿಶ್ವ ಅಸ್ತಮಾ ದಿನ. ನಮ್ಮಲ್ಲಿ ಆಗ ಶಾಲೆಗೆ ರಜೆ. ಮಳೆಯೂ ನೆಗಡಿಯೂ ಜೂನಿನಲ್ಲಿ ಬರುವುದರಿಂದ ನಮ್ಮ ಊರಿನ ಉಬ್ಬಸದ ಪಾಠ ಶಾಲೆ ತೆರೆದ ಮೊದಲ ವಾರವೇ ನಡೆಯಲಿ ಎಂಬುದು ನನ್ನ ಕೋರಿಕೆ.

ಅಕ್ಕ ಈಗ ಅಜ್ಜಿ. ಅವಳ ಮೊಮ್ಮಗನಿಗೂ ಉಬ್ಬಸವಿದೆ. ಹೋದ ಮಳೆಗಾಲ ಒಂದು ರಾತ್ರಿ ಅವಳ ಮನೆಯಲ್ಲಿದ್ದೆ. ಹೊರಗೆ ಜಡಿಮಳೆ. ಮಗು ಕೆಮ್ಮುತ್ತಾ ಎದ್ದಿತು. ಅಕ್ಕ ದೀಪ ಹಾಕಿದಳು, ಗೋಡೆಯ ಚೀಟಿ ನೋಡಿದಳು, ಸ್ಪೇಸರ್ ಜೋಡಿಸಿದಳು. "ನಿಧಾನ ಎಳ್ಕೋ ಕಂದಾ. ಒಂದು... ಎರಡು..." ಎಂದು ಆರರವರೆಗೆ ಎಣಿಸಿದಳು. ಚೀಟಿಯಲ್ಲಿ ಬರೆದಷ್ಟು ಸಲ ಹಾಗೆಯೇ ಮಾಡಿದಳು. ಸ್ವಲ್ಪ ಹೊತ್ತಿಗೆ ಸುಯ್ ಸದ್ದು ತಗ್ಗಿತು. ಮಗು ಒಂದೇ ದಿಂಬಿನ ಮೇಲೆ ತಲೆಯಿಟ್ಟು ಮಲಗಿತು, ಅಕ್ಕನೂ ಮಲಗಿದಳು. ಬೆಳಗ್ಗೆ ಅವನು ಕೊಡೆ ಹಿಡಿದು ಶಾಲೆಗೆ ಹೋದ.